ಶರಸೇತು ಕೂಟ: ಅರ್ಥಧಾರಿಯ ಗರ್ವವನ್ನು ಅರ್ಜುನನಿಗೆ ದಾಟಿಸಿದ ಬಗೆ

ತಾಳಮದ್ದಳೆ ಎಂದರೆ ವೇಷ, ಕುಣಿತ ಇಲ್ಲದೆ ಕೂತು ಮಾತಲ್ಲೇ ನಡೆಸುವ ಯಕ್ಷಗಾನ; ಪದ್ಯದ ಅರ್ಥವನ್ನು ಪಾತ್ರವಾಗಿ ಮಾತಾಡುವವರು ಅರ್ಥಧಾರಿ. ಅವರಿಗೆ ಸಮಯ ಕಟ್ಟಿದರೆ ತಾಳಮದ್ದಳೆ ಸತ್ತ ಹಾಗೆ ಎಂದವರೇ ಈಗ ನಾನು ಸಮಯ ಕಟ್ಟಿ ನಡೆಸಿದ ಶರಸೇತು ಕೂಟದ ಪದ್ಯಪಟ್ಟಿ ಕೇಳುತ್ತಿದ್ದಾರೆ. ಅದಕ್ಕೇ ಬರೆದೆ.

ಸಮಯವಾಯಿತೆಂದು ಚೀಟಿ ಕಳಿಸುವುದು, ಗಂಟೆ ಬಾರಿಸುವುದು ಯಾವುದೂ ನಡೆಯುವುದಿಲ್ಲ. ಚೀಟಿ ಕಂಡ ಕೂಡಲೇ ಮಾತು ಪಾತ್ರ ಬಿಟ್ಟು ಸಂಘಟಕನ ಮೇಲೆ ತಿರುಗುತ್ತದೆ, ಸಭೆ ನಗುತ್ತದೆ, ಇನ್ನೂ ಇಪ್ಪತ್ತು ನಿಮಿಷ ಹೋಯಿತು ಅನ್ನಿ. ವೇದಿಕೆಯಲ್ಲಿ ಅರ್ಥಧಾರಿಯನ್ನು ನಿಲ್ಲಿಸುವ ಅಧಿಕಾರ ಪದ್ಯ ಹಾಡುವ ಭಾಗವತರದು ಮಾತ್ರ. ಹಾಗಾಗಿ ಅವರ ಜೊತೆ ಮೊದಲೇ ಕೂತು, ಅರ್ಜುನ–ಹನೂಮಂತರ ಸೇತುವೆ ಪಂಥದ ಪ್ರಸಂಗವಾದ ‘ಶರಸೇತು ಬಂಧನ’ದ ಪದ್ಯಗಳನ್ನು ಮೂವತ್ತರ ಆಸುಪಾಸಿಗೆ ಇಳಿಸಿದೆ. ಅರ್ಜುನನ ಪೀಠಿಕೆಗೆ, ಅಂದರೆ ಪಾತ್ರದ ಮೊದಲ ಮಾತಿಗೆ, 15 ನಿಮಿಷ, ಹನೂಮಂತನದಕ್ಕೆ 10, ಇಬ್ಬರ ಸಂವಾದಕ್ಕೆ 12–14 ಪದ್ಯ. ಯಾವ ಮಾತಿಗೆ ಮುಂದಿನ ಪದ್ಯ ಎಂದು ಅರ್ಥಧಾರಿಗಳಿಂದಲೇ ಹೇಳಿಸಿ ಬರೆದುಕೊಂಡೆ. ಆ ಮಾತು ಬಂದದ್ದೇ ಪದ್ಯ ಶುರು. ಬಾರದೆ ಹೋದರೆ ಮದ್ದಳೆಯವರದೊಂದು ಉಪಾಯ ಇದೆ, ಅದು ನಮ್ಮಲ್ಲೇ ಇರಲಿ.

ಪಾತ್ರ ಹಂಚಿಕೆಯಲ್ಲಿಯೇ ಅರ್ಧ ಕೆಲಸ. ತಾನೇ ದೊಡ್ಡವ ಎನ್ನುವವರಿಗೆ ಹನೂಮಂತ ಕೊಟ್ಟರೆ ಕೂಟ ಕೆಟ್ಟಿತು: ಕಥೆಯಲ್ಲೂ ಗೆಲುವು ಅವರದೇ, ವಾದದಲ್ಲೂ ಅವರದೇ, ಎದುರಿನವರು ಬಾಯಿ ಮುಚ್ಚಿ ಕೂರುತ್ತಾರೆ. ಅವರಿಗೆ ಅರ್ಜುನನೇ ಸರಿ. ಬಾಣದಲ್ಲೇ ಸೇತುವೆ ಕಟ್ಟುತ್ತೇನೆ ಎನ್ನುವ ಪಾತ್ರ. ಎಷ್ಟು ಬಡಾಯಿ ಕೊಚ್ಚಿದರೂ ಕಳೆ ಏರುತ್ತದೆ, ಸೇತುವೆ ಮುರಿಯುವ ಕೆಲಸ ಪ್ರಸಂಗವೇ ಮಾಡುತ್ತದೆ. ಹನೂಮಂತನಿಗೆ ಕೇಳಿಸಿಕೊಂಡು ಒಂದೇ ಮಾತಲ್ಲಿ ತಿರುಗಿಸುವವರು ಬೇಕು. ಪಂಥಕ್ಕೆ ಸಾಕ್ಷಿಯಾಗಿ ಬರುವ ವೃದ್ಧ ವಿಪ್ರನ ಪಾತ್ರಕ್ಕೆ ಹಿರಿಯರು. ಸಾಕ್ಷಿ ಇಲ್ಲದ ಪಂಥ ಪಂಥವೇ ಅಲ್ಲ ಎಂದು ಅವರು ಹೇಳಿದರೆ ಇಬ್ಬರೂ ಸುಮ್ಮನಾಗುತ್ತಾರೆ.

ಹಾಗೆಂದು ಎರಡೂ ಕಡೆ ಸಾಧು ಸ್ವಭಾವದವರನ್ನು ಕೂರಿಸಬೇಡಿ. ಅದನ್ನೂ ಮಾಡಿ ನೋಡಿದ್ದಾಯಿತು: ಅರ್ಜುನ ಹತ್ತೇ ನಿಮಿಷದಲ್ಲಿ ಒಪ್ಪಿಕೊಂಡು ಬಿಟ್ಟ, ಸಭೆ ಚಹಾಕ್ಕೆ ಎದ್ದಿತು. ವೇದಿಕೆಯಲ್ಲೇ ಚೀಟಿ ಎತ್ತಿ ಪಾತ್ರ ಕೊಡುವ ಆಟ ಅದಕ್ಕಿಂತಲೂ ಕೆಟ್ಟದ್ದು. ಎಲ್ಲರೂ ತಯಾರಿ ಇಲ್ಲವೆಂದೇ ಪೀಠಿಕೆ ಹಾಕುತ್ತಾರೆ.

ಸಂಭಾವನೆ ಅರ್ಜುನ, ಹನೂಮಂತ ಇಬ್ಬರಿಗೂ ಸಮ ಇರಬೇಕು. ನಮ್ಮಲ್ಲಿ ತಲಾ ನಾಲ್ಕು ಸಾವಿರದಷ್ಟು, ಹಾಡು, ವಾದ್ಯದ ಹಿಮ್ಮೇಳಕ್ಕೆ ಎಲ್ಲ ಸೇರಿ ಎಂಟೊಂಬತ್ತು, ಮೈಕಿಗೆ ಮೂರು. ಐನೂರು ಹೆಚ್ಚುಕಮ್ಮಿಯಾದರೂ ಕವರು ಬಿಚ್ಚಿದ ರಾತ್ರಿಯೇ ಸುದ್ದಿ ಊರೆಲ್ಲ. ಕರಪತ್ರದಲ್ಲಿ ಹೆಸರು ಅಕಾರಾದಿ, ಅಕ್ಷರ ಒಂದೇ ಗಾತ್ರ. ಮೈಕು ಒಬ್ಬೊಬ್ಬರಿಗೆ ಒಂದೊಂದು; ಹಂಚಿಕೊಳ್ಳುವ ಮೈಕು ಯಾರ ಕೈಗೆ ಸಿಕ್ಕಿತೋ ಅವರದೇ.

ಈ ಸಮಯದ ಲೆಕ್ಕ ‘ವಾಲಿವಧೆ’ ಪ್ರಸಂಗಕ್ಕೆ ಹೊಂದುವುದಿಲ್ಲ. ಅಲ್ಲಿ ನಿಜವಾದ ಮಾತು ಶುರುವಾಗುವುದೇ ವಾಲಿಗೆ ಬಾಣ ತಗುಲಿದ ಮೇಲೆ. ಪೀಠಿಕೆಯ ಸಮಯವನ್ನೆಲ್ಲ ಕೊನೆಗೆ ತಳ್ಳಿ, ರಾಮನ ಸಮರ್ಥನೆಗೆ ಅರ್ಧ ಗಂಟೆಯಾದರೂ ಇಟ್ಟುಕೊಳ್ಳಿ.