ಸೆಟ್‌ಗೆ ಹಾಕಿದರೂ ಹೆಸರು ಎರಡು ಸಲ ಬರುತ್ತಿದೆಯೇ? ಹೀಗೆ ಮಾಡಿ

ನನ್ನ ಪೈಥಾನ್ ತರಗತಿಯ ಹುಡುಗಿಯೊಬ್ಬಳು ತಮ್ಮೂರಿನ ರಕ್ತದಾನ ಶಿಬಿರದ ಪಟ್ಟಿ ತಂದಿದ್ದಳು. ಮೂವರು ತಮ್ಮ ತಮ್ಮ ಮೊಬೈಲಿನಲ್ಲಿ ಬರೆದುಕೊಂಡ ಹೆಸರುಗಳು. ಎಲ್ಲವನ್ನೂ ಒಟ್ಟು ಮಾಡಿ ಸೆಟ್‌ಗೆ ಸುರಿದಿದ್ದಳು. ಸೆಟ್ ಅಂದರೆ ಒಂದೇ ವಸ್ತುವನ್ನು ಎರಡು ಸಲ ಇಟ್ಟುಕೊಳ್ಳದ ಪೈಥಾನ್ ಸಂಗ್ರಹ. ಆದರೂ ರಮೇಶ್ ಎರಡು ಸಲ ಕಾಣಿಸುತ್ತಿದ್ದ. ‘ಮೇಡಂ, ಸೆಟ್‌ನಲ್ಲಿ ಒಂದೇ ಹೆಸರು ಎರಡು ಸಲ ಬರಲ್ಲ ಅಂದಿದ್ರಲ್ವಾ?’ ಎಂದು ಕೇಳಿದಳು. ಅದೇ ಪಟ್ಟಿಯಲ್ಲಿ ಇದಕ್ಕಿಂತ ದೊಡ್ಡ ತಪ್ಪೊಂದಿತ್ತು. ಮಂಜುನಾಥ ಹೆಸರಿನವರು ಇಬ್ಬರಿದ್ದರು, ಬೇರೆ ಬೇರೆ ಬೀದಿಯವರು. ಸೆಟ್‌ನಲ್ಲಿ ಒಬ್ಬರೇ ಉಳಿದಿದ್ದರು. ಹೋಗಬೇಕಾದದ್ದು ಉಳಿದಿತ್ತು, ಉಳಿಯಬೇಕಾದದ್ದು ಹೋಗಿತ್ತು.

ಪ್ರತಿ ಬ್ಯಾಚಿನಲ್ಲೂ ಇದನ್ನು ನೋಡುತ್ತೇನೆ. ಅದಕ್ಕೇ ಇಲ್ಲಿ ಹಂತ ಹಂತವಾಗಿ ಬರೆಯುತ್ತಿದ್ದೇನೆ. ಕಮಾಂಡುಗಳನ್ನು ಓದಿಕೊಳ್ಳಲು ಕನ್ನಡದಲ್ಲಿ ಕೊಟ್ಟಿದ್ದೇನೆ, ಟೈಪ್ ಮಾಡುವಾಗ ಇಂಗ್ಲಿಷಿನಲ್ಲೇ ಮಾಡಿ.

ಹಂತ 1. ಖಾಲಿ ಸೆಟ್ ಮಾಡಿಕೊಳ್ಳಿ. ‘ಸೆಟ್’ ಎಂದು ಬರೆದು ಖಾಲಿ ದುಂಡು ಆವರಣ ಹಾಕಿ. ಸುಮ್ನೆ ಹೂ ಆವರಣ ಹಾಕಿದರೆ ಸಿಗುವುದು ಡಿಕ್ಷನರಿ, ಸೆಟ್ ಅಲ್ಲ.

ಹಂತ 2. ಸೆಟ್ ಎರಡನ್ನು ‘ಒಂದೇ’ ಎಂದು ಹೇಗೆ ತೀರ್ಮಾನಿಸುತ್ತದೆ ಎಂದು ತಿಳಿದುಕೊಳ್ಳಿ. ಹೊಸದೊಂದು ಬಂದಾಗ ಅದು ಮೊದಲು ಆ ವಸ್ತುವಿನಿಂದ ಹ್ಯಾಶ್ ಎಂಬ ಒಂದು ಸಂಖ್ಯೆಯನ್ನು ಲೆಕ್ಕ ಹಾಕುತ್ತದೆ. ಇದನ್ನು ಪಿನ್‌ಕೋಡ್ ಇದ್ದಂತೆ ಅಂದುಕೊಳ್ಳಿ. ಪಿನ್‌ಕೋಡ್ ಬೇರೆಯಾದರೆ ಮನೆಯೂ ಬೇರೆಯೇ. ಪಿನ್‌ಕೋಡ್ ಒಂದೇ ಆದ ಮಾತ್ರಕ್ಕೆ ಮನೆ ಒಂದೇ ಆಗಬೇಕಿಲ್ಲ, ಬಾಗಿಲಿಗೆ ಹೋಗಿ ನೋಡಬೇಕು. ಸೆಟ್ ಕೂಡ ಹ್ಯಾಶ್ ಹೊಂದಿದಾಗ ಮಾತ್ರ ‘ಇವೆರಡೂ ಸಮವೇ?’ ಎಂದು ಪರೀಕ್ಷಿಸುತ್ತದೆ. ಸಮ ಎಂದಾದರೆ ಹಳೆಯದು ಉಳಿಯುತ್ತದೆ, ಹೊಸದು ಒಳಗೆ ಬರುವುದಿಲ್ಲ. ಪೈಥಾನ್ ಸೆಟ್‌ಗೆ 1, 1.0 ಮತ್ತು ಟ್ರೂ ಮೂರನ್ನೂ ಇದೇ ಕ್ರಮದಲ್ಲಿ ಹಾಕಿ ನೋಡಿ. ಉಳಿಯುವುದು 1 ಮಾತ್ರ, ಏಕೆಂದರೆ ಪೈಥಾನ್ ಲೆಕ್ಕದಲ್ಲಿ ಮೂರೂ ಸಮ.

ಹೀಗೆ ತಳ್ಳಿದ್ದನ್ನು ಅದು ಹೇಳುವುದೂ ಇಲ್ಲ. ಜಾವಾ ಎಂಬ ಇನ್ನೊಂದು ಭಾಷೆಯಲ್ಲಿ, ಸೇರಿಸುವ ಕಮಾಂಡ್ ಆದ ‘ಆಡ್’ ಕರೆದಾಗ ಸೇರದಿದ್ದರೆ ಫಾಲ್ಸ್ ಎಂಬ ಉತ್ತರವಾದರೂ ಬರುತ್ತದೆ. ಪೈಥಾನ್‌ನ ‘ಆಡ್’ ಸೇರಿದರೂ ಸೇರದಿದ್ದರೂ ನನ್, ಅಂದರೆ ‘ಏನೂ ಇಲ್ಲ’ ಎಂದೇ ಕೊಡುತ್ತದೆ.

ಹಂತ 3. ನಿಮ್ಮ ಪಟ್ಟಿಯಲ್ಲಿ ‘ಒಬ್ಬರು’ ಅಂದರೆ ಯಾರು, ನಿರ್ಧರಿಸಿ. ಇದನ್ನು ಕಾಗದದ ಮೇಲೆ ಬರೆದ ನಂತರವೇ ಕೀಬೋರ್ಡ್ ಮುಟ್ಟಿ. ಹೆಸರೊಂದೇ ಸಾಲದು, ಮಂಜುನಾಥರ ಕಥೆ ನೋಡಿದಿರಲ್ಲ. ಫೋನ್ ನಂಬರೂ ಒಂದೇ ಸಾಲದು, ಎಷ್ಟೋ ಮನೆಯಲ್ಲಿ ಗಂಡ ಹೆಂಡತಿ ಇಬ್ಬರೂ ಒಂದೇ ನಂಬರ್ ಕೊಡುತ್ತಾರೆ. ಹೆಸರು ಮತ್ತು ಫೋನಿನ ಕೊನೆಯ 10 ಅಂಕಿ, ಎರಡನ್ನೂ ಸೇರಿಸಿ ಟ್ಯೂಪಲ್, ಅಂದರೆ ಒಮ್ಮೆ ಮಾಡಿದ ಮೇಲೆ ಬದಲಾಗದ ಜೋಡಿ ಮಾಡಿ. ಲಿಸ್ಟ್ ಮಾಡಿದರೆ ಪೈಥಾನ್ ಎರರ್ ಕೊಡುತ್ತದೆ, ಬದಲಾಗಬಲ್ಲ ಲಿಸ್ಟ್‌ಗೆ ಹ್ಯಾಶ್ ಇರುವುದಿಲ್ಲ.

ಹಂತ 4. ಹೆಸರನ್ನು ಹದ ಮಾಡಿ. ಎಲ್ಲರೂ ಎಡವುವುದು ಇಲ್ಲೇ. ಕನ್ನಡದಲ್ಲಂತೂ ಜಾಸ್ತಿ.

ಮೊದಲು ಹೆಸರಿನ ಹಿಂದೆ ಮುಂದೆ ಇರುವ ಖಾಲಿ ಜಾಗವನ್ನು ‘ಸ್ಟ್ರಿಪ್’ ಬಳಸಿ ತೆಗೆಯಿರಿ. ಹೆಚ್ಚಿನವರು ಇಷ್ಟಕ್ಕೇ ನಿಲ್ಲಿಸುತ್ತಾರೆ. ಆ ಹುಡುಗಿಯೂ ನಿಲ್ಲಿಸಿದ್ದಳು. ನಾನು ಅವಳ ಎರಡು ರಮೇಶ್‌ಗಳಿಗೆ ‘ಲೆನ್’ ಹಾಕಿ ಉದ್ದ ನೋಡಲು ಹೇಳಿದೆ. ಒಂದಕ್ಕೆ 5 ಬಂತು, ಇನ್ನೊಂದಕ್ಕೆ 6. ರ, ಮ, ಏತ್ವದ ದೀರ್ಘ, ಶ, ಕೊನೆಯ ಅರ್ಧಾಕ್ಷರದ ಚಿಹ್ನೆ, ಒಟ್ಟು ಐದು. ಆರನೆಯದು ಜೀರೋ ವಿಡ್ತ್ ನಾನ್ ಜಾಯ್ನರ್, ಅಂದರೆ ಮುಂದಿನ ಅಕ್ಷರ ಒತ್ತಾಗದಂತೆ ತಡೆಯುವ ಕಣ್ಣಿಗೆ ಕಾಣದ ಗುರುತು. ಪ್ರತಿ ಅಕ್ಷರಕ್ಕೂ ಗುರುತಿಗೂ ಒಂದು ಸಂಖ್ಯೆ ಕೊಡುವ ಯೂನಿಕೋಡಿನಲ್ಲಿ ಇದರ ಸಂಖ್ಯೆ 200ಸಿ. ಸ್ಟ್ರಿಪ್ ಇದನ್ನು ಖಾಲಿ ಜಾಗ ಎಂದು ಎಣಿಸುವುದಿಲ್ಲ, ಹಾಗಾಗಿ ತೆಗೆಯುವುದೂ ಇಲ್ಲ. ಇದನ್ನು ಮತ್ತು ಇದರ ಜೊತೆಗಾರ 200ಡಿಯನ್ನು ‘ರಿಪ್ಲೇಸ್’ ಬಳಸಿ ನೀವೇ ತೆಗೆಯಬೇಕು.

ಇನ್ನೊಂದು, ದೀರ್ಘಗಳ ತೊಂದರೆ. ‘ಸೀತಾ’ದ ಗುಡಿಸಿನ ದೀರ್ಘವನ್ನು ಯೂನಿಕೋಡಿನಲ್ಲಿ ಒಂದೇ ಸಂಕೇತವಾಗಿಯೂ ಬರೆಯಬಹುದು, ಗುಡಿಸು ಬೇರೆ, ದೀರ್ಘದ ಗುರುತು ಬೇರೆ ಎಂದು ಎರಡಾಗಿಯೂ ಬರೆಯಬಹುದು. ತೆರೆಯ ಮೇಲೆ ಎರಡೂ ‘ಸೀತಾ’. ಸೆಟ್‌ಗೆ ಮಾತ್ರ ಇಬ್ಬರು ಸೀತೆಯರು. ಏತ್ವದ ದೀರ್ಘ, ಐತ್ವ, ಓತ್ವಗಳಲ್ಲೂ ಇದೇ ಕಥೆ. ಪೈಥಾನ್ ಜೊತೆಗೇ ಬರುವ ‘ಯೂನಿಕೋಡ್‌ಡೇಟಾ’ ಮಾಡ್ಯೂಲಿನ ‘ನಾರ್ಮಲೈಸ್’ ಬಳಸಿ, ರೂಪಕ್ಕೆ ‘ಎನ್‌ಎಫ್‌ಸಿ’ ಎಂದು ಕೊಡಿ. ಎರಡೂ ಒಂದೇ ರೂಪಕ್ಕೆ ಬರುತ್ತವೆ.

ಮೂರನೆಯದು ಸೊನ್ನೆ. ಅನುಸ್ವಾರದ ಸೊನ್ನೆ ಹಾಕಬೇಕಾದಲ್ಲಿ ಕನ್ನಡ ಅಂಕಿಯ ಸೊನ್ನೆ ಹಾಕಿರುತ್ತಾರೆ. ‘ಮಂಜುನಾಥ’ ಮತ್ತು ‘ಮ೦ಜುನಾಥ’. ಹತ್ತಿರದಿಂದ ನೋಡಿ, ಎರಡನೆಯದರ ಸೊನ್ನೆ ಅಂಕಿ. ನಾರ್ಮಲೈಸ್ ಇದನ್ನು ಸರಿಮಾಡುವುದಿಲ್ಲ, ಏಕೆಂದರೆ ಯೂನಿಕೋಡಿನ ಪ್ರಕಾರ ಅವು ನಿಜಕ್ಕೂ ಬೇರೆ ಬೇರೆ. ಹೆಸರಿನಲ್ಲಿ ಅಂಕಿಗೆ ಕೆಲಸವಿಲ್ಲ, ಆದ್ದರಿಂದ ಧೈರ್ಯವಾಗಿ ರಿಪ್ಲೇಸ್ ಮಾಡಿ.

ಹೀಗೆ ಹದ ಮಾಡಿದ್ದನ್ನು ಹೋಲಿಸಲು ಮಾತ್ರ ಬಳಸಿ. ಮೂಲ ಹೆಸರನ್ನು ಮುಟ್ಟಬೇಡಿ. ಇದು ನನ್ನ ಕಟ್ಟುನಿಟ್ಟಿನ ಮಾತು. ಕಾಣದ ಗುರುತು ತೆಗೆದ ‘ರಾಜ್‌ಕುಮಾರ್’ ಪ್ರಮಾಣಪತ್ರದಲ್ಲಿ ‘ರಾಜ್ಕುಮಾರ್’ ಎಂದು ಅಚ್ಚಾಗುತ್ತದೆ. ರಕ್ತ ಕೊಟ್ಟವರ ಹೆಸರನ್ನು ಅವರು ಬರೆಯುವಂತೆಯೇ ಬರೆಯುವುದು ನಮ್ಮ ಕೆಲಸ.

ಒಂದು ಎಚ್ಚರಿಕೆ. ‘ಪಟ್ಟಿ ಇಲ್ಲಿ ಅಂಟಿಸಿ, ಡುಪ್ಲಿಕೇಟ್ ತೆಗೆದುಕೊಡುತ್ತೇವೆ’ ಎನ್ನುವ ವೆಬ್‌ಸೈಟುಗಳಿಗೆ ಜನರ ಹೆಸರು, ಫೋನ್ ನಂಬರ್ ಕೊಡಲೇಬೇಡಿ. ಅದು ನಿಮ್ಮ ಸ್ವತ್ತಲ್ಲ. ಸ್ಪ್ರೆಡ್‌ಶೀಟಿನ ಡುಪ್ಲಿಕೇಟ್ ತೆಗೆಯುವ ಬಟನ್ ಕೂಡ ನನಗೆ ಬೇಡ. ಎಷ್ಟು ಸಾಲು ಹೋಯಿತು ಎಂದು ಹೇಳಿದರೂ ಯಾರು ಹೋದರು ಎಂದು ಹೇಳುವುದಿಲ್ಲ.

ಹಂತ 5. ಇಲ್ಲಿ ಲೂಪ್ ಬರೆಯಿರಿ. ‘ನೋಡಿದವರು’ ಎಂಬ ಒಂದು ಸೆಟ್, ‘ಉಳಿದವರು’ ಮತ್ತು ‘ಮರಳಿ ಬಂದವರು’ ಎಂಬ ಎರಡು ಲಿಸ್ಟ್ ಇಟ್ಟುಕೊಳ್ಳಿ. ಪ್ರತಿ ಸಾಲಿಗೂ ಹದ ಮಾಡಿದ ಹೆಸರು ಮತ್ತು ಫೋನಿನ ಟ್ಯೂಪಲ್ ಮಾಡಿ. ಅದು ಸೆಟ್‌ನಲ್ಲಿ ಆಗಲೇ ಇದ್ದರೆ ಮೂಲ ಸಾಲನ್ನು ‘ಮರಳಿ ಬಂದವರು’ ಲಿಸ್ಟ್‌ಗೆ ಹಾಕಿ. ಇಲ್ಲದಿದ್ದರೆ ಟ್ಯೂಪಲ್ ಅನ್ನು ಸೆಟ್‌ಗೂ ಮೂಲ ಸಾಲನ್ನು ‘ಉಳಿದವರು’ ಲಿಸ್ಟ್‌ಗೂ ಸೇರಿಸಿ. ಪಟ್ಟಿಯ ಕ್ರಮವೂ ಉಳಿಯುತ್ತದೆ. ಬರೀ ಸೆಟ್‌ನಲ್ಲಿ ಕ್ರಮಕ್ಕೆ ಭರವಸೆ ಇಲ್ಲ. ಪೈಥಾನ್ 3.3ರಿಂದ ಅಕ್ಷರಗಳ ಹ್ಯಾಶ್ ಪ್ರತಿ ಸಲ ಪ್ರೋಗ್ರಾಂ ಓಡಿಸಿದಾಗಲೂ ಬದಲಾಗುತ್ತದೆ, ಅದರ ಜೊತೆ ಹೆಸರುಗಳ ಸಾಲೂ ಬದಲಾಗಬಹುದು.

ನೋಡಿದವರನ್ನೂ ಲಿಸ್ಟ್‌ನಲ್ಲೇ ಇಟ್ಟರೆ ಆಗದೇ ಎಂದು ಕೇಳುತ್ತಾರೆ. 100 ಹೆಸರಿಗೆ ಆಗುತ್ತದೆ. 10,000 ಬೇರೆ ಬೇರೆ ಹೆಸರಿದ್ದರೆ ಹೆಚ್ಚುಕಡಿಮೆ 5 ಕೋಟಿ ಹೋಲಿಕೆ ಬೇಕು. ಸೆಟ್ ಆದರೆ ಸಾಮಾನ್ಯವಾಗಿ ಹೆಸರಿಗೆ ಒಂದೆರಡು ಇಣುಕು ಸಾಕು.

ಹಂತ 6. ಟ್ಯೂಪಲ್ ಬದಲು ಸ್ವಂತ ಕ್ಲಾಸ್, ಅಂದರೆ ವಸ್ತುಗಳ ಮಾದರಿ ಬರೆಯುವವರಿಗೆ ಮಾತ್ರ. ಹೋಲಿಕೆಯ ವಿಧಾನ ಬರೆದರೆ ಹ್ಯಾಶ್ ವಿಧಾನವನ್ನೂ ಬರೆಯಲೇಬೇಕು, ಎರಡೂ ಅವೇ ಮಾಹಿತಿಯ ಮೇಲೆ ನಿಂತಿರಬೇಕು. ಪೈಥಾನ್ 3ರಲ್ಲಿ ಹ್ಯಾಶ್ ಮರೆತರೆ ಸೆಟ್‌ಗೆ ಹಾಕುವಾಗ ಎರರ್ ಬರುತ್ತದೆ, ಬಚಾವ್. ಜಾವಾದಲ್ಲಿ ಏನೂ ಬರುವುದಿಲ್ಲ, ಸಮ ಇರುವ ಎರಡೂ ಸದ್ದಿಲ್ಲದೆ ಒಳಗೆ ಕೂರುತ್ತವೆ. ಸೆಟ್‌ಗೆ ಹಾಕಿದ ಮೇಲೆ ಆ ವಸ್ತುವಿನ ಫೋನ್ ನಂಬರ್ ಬದಲಿಸುವುದೂ ಬೇಡ. ಹಾಕಿದ್ದು ಹಳೆಯ ಹ್ಯಾಶ್‌ನ ಜಾಗದಲ್ಲಿ, ಹುಡುಕುವುದು ಹೊಸದರಲ್ಲಿ. ಒಳಗೇ ಇದ್ದರೂ ‘ಇಲ್ಲ’ ಎಂಬ ಉತ್ತರ ಬರುತ್ತದೆ. ಈ ವಿಧಾನಗಳನ್ನು ತಾನೇ ಬರೆದುಕೊಡುವ ಪೈಥಾನ್ ಡೇಟಾಕ್ಲಾಸ್ ಬಳಸಿ ‘ಫ್ರೋಜನ್’ ಅನ್ನು ಟ್ರೂ ಮಾಡಿ, ಎರಡು ತಲೆನೋವೂ ಹೋಗುತ್ತವೆ.

ಹಂತ 7. ‘ಉಳಿದವರು’ ಮತ್ತು ‘ಮರಳಿ ಬಂದವರು’ ಸೇರಿಸಿದರೆ ಮೊದಲಿನ ಒಟ್ಟು ಸಾಲುಗಳಿಗೆ ಸಮ ಬರಬೇಕು. ಬಂದ ಮೇಲೆ ಎರಡೂ ಲಿಸ್ಟ್ ಅನ್ನು ಊರು ಬಲ್ಲವರೊಬ್ಬರಿಗೆ ತೋರಿಸಿ. ‘ಮಂಜುನಾಥ’ ಮತ್ತು ‘ಮಂಜುನಾಥ್’ ಒಬ್ಬರೇ ಹೌದೋ ಅಲ್ಲವೋ ಎಂದು ಹೇಳಲು ಸೆಟ್‌ಗೆ ಆಗುವುದಿಲ್ಲ. ಆ ಹುಡುಗಿ ತನ್ನ ಅಜ್ಜಿಗೆ ಓದಿ ಹೇಳಿದಳು. ಅಜ್ಜಿ ಇನ್ನೂ ಮೂರು ಜೋಡಿ ಹಿಡಿದುಕೊಟ್ಟರು.