ಮಜಗಾಂವ್ ಡಾಕ್‌ನ ಆರ್ಡರ್ ಬುಕ್ ಓದುವ ಕ್ರಮ

ಮಾಟುಂಗ, ಮುಲುಂಡ್, ಡೊಂಬಿವಲಿಗಳ ಕನ್ನಡಿಗರಲ್ಲಿ ಯುದ್ಧನೌಕೆ ಕಟ್ಟುವ ಮುಂಬೈನ ಸರ್ಕಾರಿ ಕಂಪನಿಯಾದ ಮಜಗಾಂವ್ ಡಾಕ್ ಶಿಪ್‌ಬಿಲ್ಡರ್ಸ್‌ನ ಷೇರು ಕೊಂಡವರು ಇದ್ದಾರೆ. ಆದರೆ ಅದರ ಲೆಕ್ಕಪತ್ರಗಳನ್ನು ಸಿಮೆಂಟ್ ಅಥವಾ ಸಾಬೂನು ಕಂಪನಿಯ ಲೆಕ್ಕದಂತೆ ಓದಿದರೆ ಏನೂ ತಿಳಿಯುವುದಿಲ್ಲ. 2020ರ ಐಪಿಒ ಬೆಲೆಯಾದ 145 ರೂಪಾಯಿಯೊಂದಿಗೆ ಇಂದಿನ ಬೆಲೆಯನ್ನು ಹೋಲಿಸುವವರು ಮೊದಲು ಆ 145ನ್ನು ಅರ್ಧ ಮಾಡಿಕೊಳ್ಳಬೇಕು, ಏಕೆಂದರೆ 2024ರ ಡಿಸೆಂಬರ್‌ನಲ್ಲಿ ಪ್ರತಿ ಷೇರನ್ನು ಎರಡಾಗಿ ಸೀಳಿ ಮುಖಬೆಲೆಯನ್ನು 10 ರೂಪಾಯಿಯಿಂದ 5ಕ್ಕೆ ಇಳಿಸಲಾಗಿದೆ.

ಯಾವ ವಿಭಾಗದಿಂದ ಎಷ್ಟು ಗಳಿಕೆ ಎಂಬ ವಿವರವನ್ನು ತ್ರೈಮಾಸಿಕ ಫಲಿತಾಂಶದಲ್ಲಿ ಹುಡುಕಬೇಡಿ. ರಕ್ಷಣಾ ಉತ್ಪಾದನೆಯಲ್ಲಿ ತೊಡಗಿದ ಸರ್ಕಾರಿ ಕಂಪನಿಗಳಿಗೆ ಆ ವಿಂಗಡಣೆಯನ್ನು ಪ್ರಕಟಿಸುವುದರಿಂದ ವಿನಾಯಿತಿ ಇದೆ. ಹೂಡಿಕೆದಾರರಿಗಾಗಿ ಕಂಪನಿ ಸಿದ್ಧಪಡಿಸುವ ಪ್ರಸ್ತುತಿಯನ್ನು ಷೇರುಪೇಟೆಯ ಜಾಲತಾಣದಿಂದ ಇಳಿಸಿಕೊಂಡು, ಆರ್ಡರ್ ಬುಕ್ಕಿನ, ಎಂದರೆ ಕೈಯಲ್ಲಿರುವ ಒಪ್ಪಂದಗಳ ಪಟ್ಟಿಯ, ಪುಟವನ್ನು ತೆರೆಯಿರಿ. ಅಲ್ಲಿ ಕಾಣುವುದು ಇನ್ನೂ ಮಾಡಬೇಕಾಗಿರುವ ಕೆಲಸದ ಮೌಲ್ಯವೇ ಹೊರತು ಒಪ್ಪಂದಗಳ ಪೂರ್ಣ ಮೊತ್ತವಲ್ಲ. ಆದ್ದರಿಂದ ಕೆಲಸ ಚುರುಕಾಗಿ ಸಾಗಿದ ವರ್ಷದಲ್ಲೇ ಈ ಅಂಕಿ ಕುಗ್ಗುವುದು ಸಹಜ. ಹೊಸ ಒಪ್ಪಂದ ಬರದೆ ಅದು ವರ್ಷಗಟ್ಟಲೆ ಕುಗ್ಗುತ್ತಲೇ ಹೋದರೆ ಮಾತ್ರ ಯೋಚಿಸಬೇಕು.

ಮುಂದೆ ಪ್ರತಿ ಹಡಗಿನ ಹಂತವನ್ನು ಗುರುತಿಸಿಕೊಳ್ಳಬೇಕು, ಮತ್ತು ಹೆಚ್ಚು ಸಮಯ ಕೊಡಬೇಕಾದದ್ದು ಇಲ್ಲಿಯೇ. ಉಕ್ಕು ಕತ್ತರಿಸುವುದು, ಕೀಲ್ (ಹಡಗಿನ ತಳದ ಬೆನ್ನೆಲುಬು) ಇಡುವುದು, ನೀರಿಗಿಳಿಸುವುದು, ಸಮುದ್ರದಲ್ಲಿ ಪರೀಕ್ಷಿಸುವುದು, ನೌಕಾಪಡೆಗೆ ಒಪ್ಪಿಸುವುದು, ಇವೆಲ್ಲ ಬಿಡಿಬಿಡಿಯಾಗಿ ಸುದ್ದಿಯಾಗುತ್ತವೆ. ಆದಾಯವಾದರೋ ಒಪ್ಪಿಸಿದ ದಿನ ಒಟ್ಟಿಗೆ ಬರುವುದಿಲ್ಲ, ಕೆಲಸ ಮುಂದುವರಿದಷ್ಟೂ ಲೆಕ್ಕಕ್ಕೆ ಸೇರುತ್ತ ಹೋಗುತ್ತದೆ. ಹೂಮಾಲೆ ಹಾಕಿ ನೀರಿಗಿಳಿಸಿದ ಚಿತ್ರವನ್ನು ನೋಡಿ ಹಡಗು ಮುಗಿಯಿತೆಂದು ಭಾವಿಸುವುದು ಸಾಮಾನ್ಯ ತಪ್ಪು. ಎಂಜಿನ್, ತಂತಿ, ಕೊಳವೆ, ಆಯುಧ, ರೇಡಾರ್‌ಗಳ ಬಹುಪಾಲು ಕೆಲಸ ನಡೆಯುವುದು ಆ ನಂತರ. ನೀಲಗಿರಿ ಯುದ್ಧನೌಕೆ 2019ರ ಸೆಪ್ಟೆಂಬರ್‌ನಲ್ಲಿ ನೀರಿಗಿಳಿಯಿತು, ಸೂರತ್ 2022ರ ಮೇ ತಿಂಗಳಲ್ಲಿ ಇಳಿಯಿತು. ಎರಡನ್ನೂ ಒಪ್ಪಿಸಿದ್ದು 2024ರ ಡಿಸೆಂಬರ್‌ನಲ್ಲಿ. ನೀಲಗಿರಿ ಹೊಸ ವರ್ಗದ ಮೊದಲ ಹಡಗು, ಸೂರತ್ ತನ್ನ ವರ್ಗದ ನಾಲ್ಕನೆಯದೂ ಕೊನೆಯದೂ. ಮೊದಲ ಹಡಗಿನಲ್ಲಿ ವಿನ್ಯಾಸವನ್ನೂ ಕೆಲಸವನ್ನೂ ಒಟ್ಟಿಗೆ ಪಳಗಿಸಬೇಕಾಗುತ್ತದೆಯಾದ್ದರಿಂದ, ಹೊಸ ವರ್ಗದ ಒಪ್ಪಂದವಾದಾಗ ಆರಂಭದ ವರ್ಷಗಳಿಂದ ದೊಡ್ಡ ಲಾಭವನ್ನು ನಿರೀಕ್ಷಿಸದಿರುವುದು ಲೇಸು.

ಅತಿ ಕಡಿಮೆ ದರ ನಮೂದಿಸಿದ ಕಂಪನಿಯೆಂಬ ಸುದ್ದಿಯನ್ನು ಆರ್ಡರ್ ಎಂದು ಎಣಿಸಬಾರದು. ಆರು ಜಲಾಂತರ್ಗಾಮಿಗಳ ಪಿ-75(ಐ) ಯೋಜನೆಗೆ 2021ರಲ್ಲಿ ಟೆಂಡರ್ ಹೊರಟಿತು. ಮಜಗಾಂವ್ ಡಾಕ್‌ನೊಂದಿಗೆ ಬೆಲೆಯ ಮಾತುಕತೆ ಆರಂಭವಾದದ್ದು 2025ರಲ್ಲಿ. ವಾಟ್ಸ್ಆ್ಯಪ್ ಗುಂಪುಗಳು ಈ ನಡುವೆ ಅದನ್ನು ಎಷ್ಟು ಬಾರಿ 'ಖಚಿತ' ಮಾಡಿದವೋ!

ಕಡಲಾಚೆಯ ಕಾಮಗಾರಿಗಳನ್ನು, ಎಂದರೆ ಒಎನ್‌ಜಿಸಿಯಂಥ ಗ್ರಾಹಕರಿಗಾಗಿ ಮಾಡುವ ತೈಲಬಾವಿಯ ವೇದಿಕೆ ಮತ್ತು ಸಮುದ್ರತಳದ ಕೊಳವೆಮಾರ್ಗಗಳನ್ನು, ಪ್ರತ್ಯೇಕವಾಗಿ ನೋಡಿ. ವೇದಿಕೆಯ ಕಾಲುಗಳ ಚೌಕಟ್ಟನ್ನು ದಡದಲ್ಲಿ ಬೆಸೆದು, ಬಾರ್ಜ್ (ಚಪ್ಪಟೆ ತಳದ ಸರಕು ದೋಣಿ) ಮೇಲೆ ಸಾಗಿಸಿ, ಸಮುದ್ರತಳಕ್ಕೆ ಉಕ್ಕಿನ ಗೂಟಗಳಿಂದ ಬಿಗಿದ ಮೇಲೆ, ಮೇಲಂತಸ್ತನ್ನು ಕ್ರೇನಿನಿಂದ ಎತ್ತಿ ಕೂರಿಸುತ್ತಾರೆ. ಅರಬ್ಬಿ ಸಮುದ್ರದ ತೈಲಕ್ಷೇತ್ರವಾದ ಮುಂಬೈ ಹೈ ಪ್ರದೇಶದಲ್ಲಿ ಮಳೆಗಾಲದ ಅಲೆಗಳು ಈ ಜೋಡಣೆಗೆ ಅವಕಾಶ ಕೊಡುವುದಿಲ್ಲ. ಹೀಗಾಗಿ ಜುಲೈ–ಸೆಪ್ಟೆಂಬರ್ ತ್ರೈಮಾಸಿಕವನ್ನು ಅದರ ಹಿಂದಿನ ತ್ರೈಮಾಸಿಕಕ್ಕಲ್ಲ, ಹಿಂದಿನ ವರ್ಷದ ಅದೇ ತ್ರೈಮಾಸಿಕಕ್ಕೆ ಹೋಲಿಸಬೇಕು. ಇಂಥ ಒಪ್ಪಂದಗಳು ಸಾಮಾನ್ಯವಾಗಿ ನಿಗದಿತ ಮೊತ್ತದವು; ಒಂದು ಹವಾಮಾನ ಋತು ತಪ್ಪಿದರೆ ಬಾರ್ಜುಗಳ ಬಾಡಿಗೆಯ ಹೊರೆ ಕಂಪನಿಯ ಮೇಲೆ ಬೀಳಬಹುದು.

ಕೊನೆಗೆ ಆಸ್ತಿ–ಹೊಣೆ ಪಟ್ಟಿ. ಬ್ಯಾಂಕಿನಲ್ಲಿರುವ ದೊಡ್ಡ ಮೊತ್ತವನ್ನು ಕಂಡು ಹಿಗ್ಗುವ ಮೊದಲು, ಹೊಣೆಗಳ ಭಾಗದಲ್ಲಿ ಗ್ರಾಹಕರ ಮುಂಗಡ ಎಷ್ಟಿದೆಯೆಂದು ನೋಡಿ. ಅದು ಉಕ್ಕು, ಯಂತ್ರಗಳಿಗೆ ಖರ್ಚಾಗಬೇಕಾದ ಹಣ. ಠೇವಣಿಯ ಬಡ್ಡಿ 'ಇತರೆ ಆದಾಯ'ದಲ್ಲಿ ಕಾಣಿಸಿಕೊಳ್ಳುವುದರಿಂದ, ಅದನ್ನು ಕಳೆದು ಉಳಿದ ಲಾಭವನ್ನು ಮಾರಾಟದಿಂದ ಭಾಗಿಸಿರಿ. ಹಡಗುಕಟ್ಟೆಯ ಕೆಲಸ ಎಷ್ಟು ಗಳಿಸುತ್ತಿದೆಯೆಂದು ಆಗ ತಿಳಿಯುತ್ತದೆ. ತಡವಾದ ಒಪ್ಪಿಸುವಿಕೆಗೆ ತೆರಬೇಕಾದ ದಂಡಕ್ಕಾಗಿ ಎಷ್ಟು ತೆಗೆದಿರಿಸಲಾಗಿದೆ ಎಂಬುದನ್ನು ವಾರ್ಷಿಕ ವರದಿಯ ಟಿಪ್ಪಣಿಗಳಲ್ಲಿ ಹುಡುಕಬೇಕು.