ಗಾಳಿಯಲ್ಲಿ ಗಾಳ: ಕಾರಂಜಾ ಹಿನ್ನೀರು ಮತ್ತು ಒಂದು ಯೂರಿಯಾ ಚೀಲ

ಮೂಡಗಾಳಿ ಎದ್ದ ದಿನ ಬೀದರ್ ಜಿಲ್ಲೆಯ ಕಾರಂಜಾ ಜಲಾಶಯದ ಹಿನ್ನೀರಿಗೆ ಗಾಳ ಹಿಡಿದು ಹೋದರೆ ದಂಡೆಯ ಮೇಲಿದ್ದವರು ನಗುತ್ತಾರೆ. ನಮ್ಮ ದೋಸ್ತನೂ ನಕ್ಕ. ತೆಪ್ಪ ಅವನದು, ಲೈಸೆನ್ಸೂ ಅವನದೇ. "ಈ ಗಾಳ್ಯಾಗ ತೆಪ್ಪನೇ ನಿಲ್ಲಂಗಿಲ್ಲ, ಮೀನ ಎಲ್ಲಿಂದ ಬರ್ತದ? ಮನಿಗಿ ಹೋಗಿ ಮಲ್ಕೋ" ಅಂದ. ಆದರೂ ಜೊತೆಗೆ ತೆಪ್ಪ ಹತ್ತಿದ. ಎಳ್ಳಮಾಸಿ, ಅಂದರೆ ಎಳ್ಳು ಅಮಾವಾಸ್ಯೆ, ಆಗಿ ನಾಲ್ಕೈದು ದಿನ. ಬೆಳಿಗ್ಗೆ 6.30ಕ್ಕೆ ಬೆರಳು ಮರಗಟ್ಟುವಷ್ಟು ಥಂಡಿ.

ಅವನ ಮಾತು ಸುಳ್ಳೇನಲ್ಲ. ಹೋದ ವರ್ಷ ಇಂಥದೇ ಗಾಳಿಯಲ್ಲಿ 3 ಸಲ ಖಾಲಿ ಕೈಯಲ್ಲಿ ಬಂದಿದ್ದೆ. ಒಂದು ಸಲಕ್ಕೆ ಪೆಟ್ರೋಲ್, ಚಹಾ, ನಾಷ್ಟಾ ಅಂತ ಹತ್ತಿರ ಹತ್ತಿರ 500 ರೂಪಾಯಿ. ಮೊದಲ ಸಲ ಕಲ್ಲು ಕಟ್ಟಿ ಇಳಿಬಿಟ್ಟೆ. ತೆಪ್ಪ ಗಾಣದ ಎತ್ತಿನ ಹಾಗೆ ಸುತ್ತಿ ಸುತ್ತಿ ದಾರಗಳನ್ನೆಲ್ಲ ಜಡೆ ಹೆಣೆಯಿತು. ಎರಡನೇ ಸಲ ಎರಡು ಕಡೆ ಕಲ್ಲು. ತೆಪ್ಪ ನಿಂತಿತು, ಆದರೆ ಅಲೆ ನೇರ ಒಳಗೆ ಬಂತು. ಗಾಳ ಬಿಟ್ಟು ಡಬ್ಬಿಯಲ್ಲಿ ನೀರು ಚೆಲ್ಲುವುದೇ ಕೆಲಸ. ಮೂರನೇ ಸಲ ಹಗ್ಗ ಕೆಳಗೆ ಯಾವುದೋ ಮುಳುಗಿದ ಜಾಲಿ ಬೊಡ್ಡೆಗೆ ಸಿಕ್ಕಿತು. ಕೊಯ್ದು ಬಂದೆ. ಹೊಸ ಹಗ್ಗ, 300 ರೂಪಾಯಿ ಹೋಯಿತು.

ಆಮೇಲೆ ಹೊಳೆದದ್ದು: ತೆಪ್ಪವನ್ನು ನಿಲ್ಲಿಸೋದು ಯಾಕೆ? ನಿಧಾನ ಮಾಡಿದರೆ ಸಾಕಲ್ವಾ?

ಖಾಲಿ ಯೂರಿಯಾ ಚೀಲ ತಗೊಂಡೆ. ಬಾಯಿಗೆ ದಪ್ಪ ತಂತಿಯ ಬಳೆ ಹೊಲಿದೆ. ನೀರಲ್ಲಿ ಬಿಟ್ಟರೆ ಬಾಯಿ ತೆರೆದುಕೊಂಡು ನೀರು ತುಂಬಿ ತೆಪ್ಪವನ್ನು ಹಿಂದಕ್ಕೆ ಜಗ್ಗಬೇಕು, ಅಷ್ಟೇ. ಮೊದಲು ಚೀಲದ ತಳ ಹಾಗೇ ಬಿಟ್ಟಿದ್ದೆ. ಅದು ನೀರಲ್ಲಿ ಹುಚ್ಚು ಕರುವಿನ ಹಾಗೆ ಆ ಕಡೆ ಈ ಕಡೆ ಎಳೆಯಿತು. ತಳದ ಮೂಲೆಯಲ್ಲಿ ಮುಷ್ಟಿಯಷ್ಟು ತೂತು ಕೊಯ್ದೆ, ಸುಮ್ಮನಾಯಿತು. ಹಗ್ಗ 10-12 ಮೀಟರ್. ಮುಖ್ಯ ವಿಷಯ, ಅದನ್ನು ತೆಪ್ಪದ ಅಂಚಿಗೆ ಒಂದೇ ಕಡೆ ಕಟ್ಟಬೇಡಿ. ತುದಿಯನ್ನು ಎರಡು ಮಾಡಿ ಒಂದು ಮಾರು ದೂರದಲ್ಲಿ ಎರಡು ಕಡೆ ಕಟ್ಟಿ. ತೆಪ್ಪ ತಿರುಗೋದೇ ಇಲ್ಲ. ಚೀಲದ ತಳಕ್ಕೂ ಒಂದು ಸಣ್ಣ ಹುರಿ ಇರಲಿ, ಎತ್ತುವಾಗ ಅದನ್ನು ಜಗ್ಗಿದರೆ ನೀರು ಖಾಲಿ. ಇಲ್ಲದಿದ್ದರೆ ರಟ್ಟೆ ಬೀಳುತ್ತೆ.

ಇನ್ನು ಜಾಗ. ಎಲ್ಲರೂ ಗಾಳಿ ತಾಕದ ಮೂಲೆ ಹುಡುಕುತ್ತಾರೆ. ನಾನು ಉಲ್ಟಾ. ಮೂಡಗಾಳಿ ಅಂದರೆ ಪಶ್ಚಿಮದ ದಂಡೆಗೆ ಅಲೆ ಬಡಿದು ಮಣ್ಣು ಕದಡಿರುತ್ತೆ, ತಿನ್ನೋದೆಲ್ಲ ಅಲ್ಲಿಗೇ ತೇಲಿ ಹೋಗಿರುತ್ತೆ. ಆ ಕೆಂಪು ನೀರಿನ ಅಂಚಿಗೆ ತೆಪ್ಪ ಬಿಟ್ಟು ಗಾಳವನ್ನು ಗಾಳಿಯ ಮುಂದಕ್ಕೇ ಎಸೆದೆ. ತೆಪ್ಪ ಮೆಲ್ಲಗೆ ಹತ್ತಿರ ಹೋದಂತೆ ಸಡಿಲಾದ ದಾರ ಸುತ್ತಿಕೊಳ್ಳುತ್ತಾ ಬಂದೆ. ದಾರಕ್ಕೆ ಕಟ್ಟೋ ಸೀಸದ ತೂಕ ಜಾಸ್ತಿ ಬೇಡ.

ಬುತ್ತಿಯಲ್ಲಿ ಎಳ್ಳಮಾಸಿಯ ಸಜ್ಜೆ ಕಡುಬು ಉಳಿದಿತ್ತು. ಸುಮ್ನೆ ಒಂದು ಚೂರು ಕೊಕ್ಕೆಗೆ ಚುಚ್ಚಿ ನೋಡಿದೆ. ಗಟ್ಟಿಯಾಗಿ ನಿಂತಿತು, ಆದರೆ ಬೆರಳುದ್ದದ ಜಿಲೇಬಿ ಮೀನುಗಳೇ ಬಂದವು. ಬುತ್ತಿಯ ಕಾಳು-ತರಕಾರಿ ಭಜ್ಜಿಯನ್ನೂ ಹಚ್ಚಿದೆ, ನೀರು ಮುಟ್ಟುವ ಮೊದಲೇ ಉದುರಿತು. ದೋಸ್ತ ಬೈದು ಉಳಿದಿದ್ದನ್ನು ತಾನೇ ತಿಂದ.

ಮತ್ತೆ ನಾನು ಕಲಸಿ ತಂದ ಹಿಟ್ಟನ್ನೇ ಕೊಕ್ಕೆಗೆ ಹಚ್ಚಿದೆ. ಬಿಸಿಲು ಏರುವವರೆಗೆ ದೊಡ್ಡದೇನೂ ಇಲ್ಲ. 8.30ರ ಸುಮಾರಿಗೆ ದಾರ ಎರಡು ಸಲ ಮಿಡಿಯಿತು, ಆಮೇಲೆ ಒಂದೇ ಸಮ ಓಡಿತು. ರೋಹು, 2 ಕಿಲೋ ಮೇಲೇ ಇದ್ದೀತು. 11ರೊಳಗೆ ಇನ್ನೊಂದು ರೋಹು, ಎರಡು ಮೃಗಾಲ್. ಒಟ್ಟು 6 ಕಿಲೋ ಆಸುಪಾಸು. ಗಾಳಿ ತಾಕದ ಮೂಲೆಯಲ್ಲಿ ಕೂತ ಇನ್ನೆರಡು ತೆಪ್ಪದವರಿಗೆ ಅವತ್ತು ಸಾರಿಗೂ ಆಗಲಿಲ್ಲ.

ವಾಪಸ್ ಗಾಳಿಗೆ ಎದುರಾಗಿ ಹುಟ್ಟು ಹಾಕಲು ಒಂದು ತಾಸು ಹಿಡಿಯಿತು. ಅಂಗೈಯಲ್ಲಿ ಬೊಬ್ಬೆ. ದೋಸ್ತ ದಾರಿಯುದ್ದಕ್ಕೂ ಮಾತಾಡಲಿಲ್ಲ. ಮರುದಿನ ಫೋನ್ ಮಾಡಿದ. "ಚೀಲ ನಾನೂ ಹೊಲದೀನಿ. ಹಿಟ್ಟಿನ್ಯಾಗ ಏನ ಕಲಸಿದ್ದಿ, ಅದು ಹೇಳು."

ಜೋಳದ ಹಿಟ್ಟು, ಶೇಂಗಾ ಹಿಂಡಿ ಅಂದೆ. ಮೂರನೆಯದು ಹೇಳಲಿಲ್ಲ.